ದೊಣ್ಣೆಗೆ ನಿಮಿಷ

ಭಾವ ಆ ಮಾತು ಹೇಳಿದ್ದು ನಗುನಗುತ್ತಲೇ. ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ನಕ್ಕಿದ್ದೇ ತಪ್ಪಾಯಿತು.

“ಬೇಜಾರು ಮಾಡ್ಕೋಬೇಡ. ನಿನ್ನ ಕೈ ಚೆನ್ನಾಗಿದೆ, ಇಲ್ಲ ಅಂದೋರು ಯಾರು? ಆದ್ರೆ ನಿಧಾನ. ಒಂದನೇ ತಾರೀಕಿಂದ ನೀನು ಕ್ಲಿನಿಕ್‌ಗಳಿಗೆ ಓಡಾಡ್ಕೊಂಡಿರು. ಅಚ್ಚು ತಗೊಂಡು ಬರೋದು, ಹಲ್ಲು ಕೊಟ್ಟು ಬರೋದು. ಮಾಡೋ ಕೆಲಸ ಮಶೀನು ನೋಡ್ಕೊಳ್ಳುತ್ತೆ.”

ಭಾವನದು ಕೃತಕ ಹಲ್ಲು ತಯಾರಿಸುವ ಲ್ಯಾಬು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ. ಇಲ್ಲಿ ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೆತ್ತಿ, ಪಿಂಗಾಣಿ ಹಚ್ಚಿ, ಕುಲುಮೆಯಲ್ಲಿ ಸುಟ್ಟು, ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸಿ ಕಳಿಸಬೇಕು. ಅಕ್ಕನ ಮದುವೆಯಾದ ಮರುವರ್ಷ ಈ ಲ್ಯಾಬಿನ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತವನು ಹತ್ತೊಂಬತ್ತು ವರ್ಷ ಅಲ್ಲಿಂದ ಎದ್ದಿರಲಿಲ್ಲ. ಒಂದು ಹಲ್ಲಿಗೆ ಅವನಿಗೆ ಎರಡು ದಿನ ಬೇಕು. ಬೇಕು ಅಂದರೆ ಬೇಕು. ಐವತ್ತು ದಾಟಿದವರ ಹಲ್ಲಿನ ಬುಡದಲ್ಲಿ ಒಂದು ಹಳದಿ ನೆರಳಿರುತ್ತದೆ, ಸಿಗರೇಟು ಸೇದುವವರದಕ್ಕೆ ಕೂದಲೆಳೆಯಂಥ ಬಿರುಕಿರುತ್ತದೆ. ಆ ನೆರಳು, ಆ ಬಿರುಕು ಎಲ್ಲವನ್ನೂ ಅವನು ಮೂರು ಕೂದಲಿನ ಕುಂಚದಿಂದ ಬರೆಯುತ್ತಿದ್ದ. ನಗುವಾಗ ಯಾವುದು ದೇವರು ಕೊಟ್ಟ ಹಲ್ಲು, ಯಾವುದು ಇವನು ಕೊಟ್ಟದ್ದು ಎಂದು ಕಟ್ಟಿಕೊಂಡ ಹೆಂಡತಿಗೂ ತಿಳಿಯಬಾರದು.

ಎರಡು ತಿಂಗಳ ಹಿಂದೆ ಮಶೀನು ಬಂತು. ಬಟ್ಟೆ ಬೀರುವಿನಷ್ಟು ಎತ್ತರ, ಮುಂದೆ ಗಾಜಿನ ಬಾಗಿಲು. ಒಳಗೆ ಬಿಳಿ ಬಿಲ್ಲೆಯೊಂದನ್ನು ಸಿಕ್ಕಿಸಿ ಬಟನ್ ಒತ್ತಿದರೆ ಸೂಜಿಯಂಥ ಉಳಿ ನೀರು ಚಿಮ್ಮಿಸುತ್ತಾ ತಿರುಗಿ ಇಪ್ಪತ್ತು ನಿಮಿಷಕ್ಕೆ ಒಂದು ಹಲ್ಲು ಕಡೆದು ಕೊಡುತ್ತಿತ್ತು. ಎಲ್ಲವೂ ಒಂದೇ ಬಿಳುಪು, ಬಚ್ಚಲುಮನೆಯ ಟೈಲ್ಸಿನ ಹಾಗೆ. ವೈದ್ಯರು ಒಪ್ಪಿದರು, ರೋಗಿಗಳೂ ಒಪ್ಪಿದರು. ಬೇಗ ಸಿಕ್ಕಿತಲ್ಲ, ಅಷ್ಟೇ ಅವರಿಗೆ ಬೇಕಾಗಿದ್ದು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಅವನಿಗೆ ಮಾತ್ರ ಹತ್ತೊಂಬತ್ತು ವರ್ಷ ಊರವರಿಗೆಲ್ಲ ಹಲ್ಲು ಮಾಡಿಕೊಟ್ಟ ಮೇಲೆ ಕೈಗೆ ಸಿಕ್ಕಿದ್ದು ಪಾರ್ಸೆಲ್ ಚೀಲ.

ನಿಧಾನ. ಆ ಪದ ಅವನ ತಲೆಯೊಳಗೆ ಕಿವಿಗೆ ಹೊಕ್ಕ ಇರುವೆಯ ಹಾಗೆ ಓಡಾಡಿತು. ಯಾಕೆಂದರೆ ವಾರದ ಏಳನೆಯ ದಿನ, ಇನ್ನೊಂದು ಕೋಣೆಯಲ್ಲಿ, ಅವನ ಹೆಸರು ‘ಐದ್ನಿಮಿಷ’ ಎಂದಿತ್ತು.

ಆ ಕೋಣೆ ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯ ಹಾಲು. ಪ್ರತಿ ಭಾನುವಾರ ಅಲ್ಲಿ ಕಾರ್ಡಿನ ಪಂದ್ಯ. ಇಸ್ಪೀಟಲ್ಲ, ಜೂಜಂತೂ ಅಲ್ಲ. ಪ್ರತಿಯೊಬ್ಬನೂ ಕಾರ್ಡುಗಳನ್ನು ಕೊಂಡು, ಬೇರೆಯವರೊಡನೆ ಅದಲುಬದಲು ಮಾಡಿಕೊಂಡು, ತನಗೆ ಬೇಕಾದ ನಲವತ್ತನ್ನು ಆರಿಸಿ ಒಂದು ಕಟ್ಟು ಮಾಡಿಕೊಂಡು ಬರುತ್ತಾನೆ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಪ್ರಾಣಿ, ಅದಕ್ಕೊಂದು ಬಲ, ಅದನ್ನು ಕಣಕ್ಕಿಳಿಸಲು ಒಂದು ಬೆಲೆ. ಇಬ್ಬರೂ ಇಪ್ಪತ್ತು ಪ್ರಾಣ ಇಟ್ಟುಕೊಂಡು ಶುರುಮಾಡುತ್ತಾರೆ. ಎದುರಾಳಿಯ ಇಪ್ಪತ್ತನ್ನೂ ಮೊದಲು ತೆಗೆದವನು ಗೆದ್ದ. ಮೂರರಲ್ಲಿ ಎರಡು ಆಟ ಗೆದ್ದರೆ ಸುತ್ತು ಅವನದು. ಹೆಚ್ಚಿನವರು ಕೋಟೆ ಕಟ್ಟಿಕೊಂಡು ಕೂರುವವರು. ಹತ್ತನೇ ಸರದಿಗೆ ಬರುವ ಭಾರೀ ಡ್ರ್ಯಾಗನ್ನಿಗಾಗಿ ಒಂಬತ್ತು ಸರದಿ ಗೋಡೆ ಎಬ್ಬಿಸುತ್ತಾ ಗಡ್ಡ ಕೆರೆಯುವವರು.

ಅವನ ಕಟ್ಟಿನಲ್ಲಿ ಗೋಡೆಯೇ ಇರಲಿಲ್ಲ. ಇಲಿ, ಮುಂಗುಸಿ, ಕಣಜ, ಕಾಡುನಾಯಿ, ಎಲ್ಲ ಚಿಲ್ಲರೆ ಪ್ರಾಣಿಗಳು. ಬೆಲೆ ಕಡಿಮೆ, ಬಾಳು ಇನ್ನೂ ಕಡಿಮೆ, ಆದರೆ ಮೊದಲನೇ ಸರದಿಗೇ ಇಳಿದು ಎರಡನೆಯದಕ್ಕೆ ಕಚ್ಚುತ್ತಿದ್ದವು. ರಕ್ಷಣೆಯ ಮಾತಿಲ್ಲ. ನಾಲ್ಕನೇ ಸರದಿಯೊಳಗೆ ಎದುರಾಳಿ ಸಾಯಬೇಕು, ಇಲ್ಲವೆಂದರೆ ಇವನ ಕೈ ಬರಿದಾಗಿ ಐದನೆಯದಕ್ಕೆ ಇವನೇ ಸಾಯುತ್ತಿದ್ದ. ಗೆದ್ದರೂ ಬೇಗ, ಸೋತರೂ ಬೇಗ. ಬುದ್ಧಿ ಇಲ್ಲದವರ ಆಟ ಎಂದು ಕೋಟೆಯವರು ಮೂಗು ಮುರಿಯುತ್ತಿದ್ದರು. ಅವರಿಗೇನು ಗೊತ್ತು? ಆರು ದಿನ ಒಂದೊಂದೇ ಹಲ್ಲಿನ ಮೇಲೆ ಉಸಿರು ಬಿಗಿಹಿಡಿದು ಕೂತವನಿಗೆ ಏಳನೆಯ ದಿನವಾದರೂ ಏನಾದರೊಂದು ಪಟ್ಟನೆ ಮುಗಿಯಬೇಕೆನ್ನಿಸುತ್ತದೆ.

ಒಂದು ಸುತ್ತಿಗೆ ಕೊಟ್ಟ ಗಡುವು ಐವತ್ತು ನಿಮಿಷ. ಅವನದು ಏಳೆಂಟು ನಿಮಿಷದಲ್ಲಿ ಮುಗಿಯುತ್ತಿತ್ತು. ಗೆದ್ದವನು ಚೀಟಿಯಲ್ಲಿ ಅಂಕ ಬರೆದು, ಇಬ್ಬರ ಸಹಿ ಹಾಕಿಸಿ, ಬಾಗಿಲ ಬಳಿಯ ಮೇಜಿಗೆ ಕೊಡಬೇಕು. ಅಲ್ಲಿ ಅದರ ಮೇಲೆ ಸಮಯದ ಮೊಹರು ಬೀಳುತ್ತದೆ, ಅರ್ಧ ಹರಿದು ವಾಪಸು ಕೊಡುತ್ತಾರೆ. ಆಮೇಲೆ ಅವನು ಮೆಟ್ಟಿಲಿಳಿದು, ಎದುರಿನ ಅಂಗಡಿಯಲ್ಲಿ ಟೀ ಹಿಡಿದು ನಿಲ್ಲುತ್ತಿದ್ದ. ಮೇಲೆ ಗಂಟೆ ಬಾರಿಸಿದಾಗ ಹತ್ತಿ ಬರುವುದು. ಹನ್ನೊಂದು ವರ್ಷದಿಂದ ಇದೇ ಪರಿಪಾಠ.

ಭಾವ ನಕ್ಕ ಮರು ಭಾನುವಾರ, ಆ ಟೀ ಅಂಗಡಿಯ ಮುಂದೆ ನಿಂತಿದ್ದಾಗಲೇ ಅವನಿಗೆ ಹೊಳೆದದ್ದು. ಜೇಬಿನಲ್ಲಿ ಚೀಟಿಯ ಅರ್ಧ ಇತ್ತು. ಅದರ ಮೇಲೆ ಮೊಹರು: ಎರಡು ಗಂಟೆ ಎಂಟು ನಿಮಿಷ. ಅವನು ಅದನ್ನು ಸುಮ್ಮನೆ ನೋಡಿದ. ಇದೇ ಚೀಟಿಯನ್ನು ಎರಡೂ ಮುಕ್ಕಾಲಿಗೆ ಕೊಟ್ಟಿದ್ದರೆ? ಆಗ ಎರಡರಿಂದ ಎರಡೂ ಮುಕ್ಕಾಲಿನವರೆಗೆ ಅವನು ಟೇಬಲ್ಲಿನ ಮುಂದೆ ಕೂತಿದ್ದನೆಂದು ಕಾಗದವೇ ಹೇಳುತ್ತಿತ್ತು. ಎದುರಾಳಿಯ ಸಹಿಯ ಸಮೇತ, ಮೊಹರಿನ ಸಮೇತ. ಲ್ಯಾಬು ಹಿಂದಿನ ಓಣಿಗಳಲ್ಲಿ ನಡೆದರೆ ಒಂಬತ್ತು ನಿಮಿಷ. ಟೀ ಆರಿತು, ಅವನು ಕುಡಿಯಲಿಲ್ಲ.

ಮಶೀನು ಸಾಯಬೇಕು, ಸಾಯಿಸಿದವರು ಯಾರೂ ಇರಬಾರದು. ಮೂರು ವಾರ ಅವನು ಇದನ್ನೇ ಹಲ್ಲಿನ ಹಾಗೆ ಕೆತ್ತಿದ.

ಕೆಲಸಕ್ಕೆ ಬೇಕಾದ ಸಾಮಾನು ಎದುರಿಗೇ ಇತ್ತು. ಮಶೀನು ಇಟ್ಟಿದ್ದು ಪ್ಲಾಸ್ಟರಿನ ಅಟ್ಟಣಿಗೆಯ ಕೆಳಗೆ, ಬೇರೆ ಜಾಗವಿಲ್ಲವೆಂದು. “ಭಾವ, ಚೀಲ ಮೇಲಿದ್ರೆ ಪುಡಿ ಉದುರುತ್ತೆ, ತೆಗೆಸೋಣ” ಎಂದು ಅವನೇ ಮೊದಲ ದಿನ ಹೇಳಿದ್ದ. “ಏನೂ ಆಗಲ್ಲ ಬಿಡು” ಎಂದಿದ್ದರು ಭಾವ. ಮಶೀನಿನ ಪಕ್ಕಕ್ಕೆ ನೀರಿನ ತೊಟ್ಟಿ. ಶನಿವಾರ ಸಂಜೆ ಭಾವ ತಾವೇ ಅದನ್ನು ತೊಳೆದು, ಹೊಸ ನೀರು ತುಂಬಿ, ಮುಚ್ಚಿದರೆ ನಾರುತ್ತದೆಂದು ಮುಚ್ಚಳ ತೆಗೆದಿಟ್ಟು ಹೋಗುತ್ತಿದ್ದರು. ಮಶೀನಿನ ಮುಂದೆ ಅಂಗೈಯಗಲದ ಹಸಿರು ಬಟನ್. ಒತ್ತಿದರೆ ಪಂಪು ಎದ್ದು ತೊಟ್ಟಿಯ ನೀರನ್ನು ಕೊಳವೆಗಳಿಗೆಲ್ಲ ಓಡಿಸಿ ಒಳಗನ್ನು ತೊಳೆಯುತ್ತದೆ. ಅಟ್ಟಣಿಗೆಯ ಅಂಚಿನಲ್ಲಿದ್ದ ಐದು ಕಿಲೋ ಚೀಲವೊಂದು ಜಾರಿ, ಬಟನ್ನಿಗೆ ಬಡಿದು, ಹರಿದು, ತೊಟ್ಟಿಗೆ ಬಿತ್ತೆಂದುಕೊಳ್ಳಿ. ಪಂಪು ತಾನಾಗಿ ಪ್ಲಾಸ್ಟರಿನ ಗಂಜಿಯನ್ನು ಕುಡಿಯುತ್ತದೆ. ಹತ್ತು ನಿಮಿಷದಲ್ಲಿ ಮಶೀನಿನ ಕರುಳೆಲ್ಲ ಕಲ್ಲು. ತಪ್ಪು ಯಾರದು? ಚೀಲ ತೆಗೆಸದವರದು, ಮುಚ್ಚಳ ಮುಚ್ಚದವರದು.

ಹಾಗಿದ್ದರೆ ಶನಿವಾರ ರಾತ್ರಿಯೇ ಯಾವುದಾದರೂ ಉಪಾಯ ಹೂಡಿ ಬರಬಹುದಿತ್ತಲ್ಲ? ಬರುವಂತಿಲ್ಲ. ಪ್ಲಾಸ್ಟರು ಯಾರಿಗೂ ಕಾಯುವುದಿಲ್ಲ. ನೀರು ಮುಟ್ಟಿದ ಗಳಿಗೆಯಿಂದ ಅದರ ಲೆಕ್ಕ ಶುರು. ಪಂಪು ಓಡುತ್ತಿರುವಾಗ ಪುಡಿ ಬೀಳಬೇಕು, ಒಂದು ಹಿಡಿ ಉಪ್ಪು ಬೆರೆತಿದ್ದರೆ ಇನ್ನೂ ಬೇಗ ಬಿಗಿಯುತ್ತದೆ. ಅದಕ್ಕೆ ಮನುಷ್ಯ ಅಲ್ಲಿ ನಿಂತಿರಬೇಕು. ಮಶೀನಿನ ಪರದೆಯೋ, ಪಂಪು ಎದ್ದ ನಿಮಿಷ, ನಿಂತ ನಿಮಿಷ ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ಬೇರೆಯವನಾಗಿದ್ದರೆ ಅದನ್ನು ಹೇಗೆ ಅಳಿಸಲಿ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದ. ಅವನಿಗೆ ಅದೇ ಬೇಕಾಗಿತ್ತು. ಲ್ಯಾಬಿಗೆ ಇರುವುದು ಎರಡೇ ಬೀಗದ ಕೈ, ಒಂದು ಭಾವನದು, ಇನ್ನೊಂದು ಅವನದು. ಭಾವ ಮೊದಲು ನೋಡುವುದು ಅವನ ಮುಖವನ್ನೇ. ಆಗ ಪರದೆ ಹೇಳುತ್ತದೆ, ಎರಡೂ ಇಪ್ಪತ್ತಕ್ಕೆ ಎಂದು. ಮೊಹರು ಹೇಳುತ್ತದೆ, ಆ ಹೊತ್ತಿಗೆ ಅವನು ಪಂದ್ಯದಲ್ಲಿದ್ದ ಎಂದು. ಭಾವ ಅನುಮಾನದ ಮನುಷ್ಯ, ಹಾಲಿಗೇ ಹೋಗಿ ವಿಚಾರಿಸುತ್ತಾರೆ. ವಿಚಾರಿಸಲಿ. ಮಶೀನು ತಂದವರ ಶತ್ರುವಿಗೆ ಮಶೀನೇ ಸಾಕ್ಷಿ.

ಎದುರಾಳಿ ಬಾಯಿಬಿಟ್ಟರೆ? ಆ ಪ್ರಶ್ನೆಯನ್ನೂ ಅವನು ಬಿಡಲಿಲ್ಲ. ಹನ್ನೊಂದು ವರ್ಷದಲ್ಲಿ ಅವನು ನೂರಾರು ಜನರನ್ನು ಏಳು ನಿಮಿಷದಲ್ಲಿ ಮಲಗಿಸಿದ್ದ. ಏಳು ನಿಮಿಷದಲ್ಲಿ ಸೋತೆ ಎಂದು ಅವರಲ್ಲಿ ಒಬ್ಬನೂ ಈವರೆಗೆ ಒಪ್ಪಿಕೊಂಡಿರಲಿಲ್ಲ. “ಒಳ್ಳೇ ಹೋರಾಟ ಕೊಟ್ಟೆ, ಕೂದಲೆಳೆಯಲ್ಲಿ ತಪ್ಪಿತು” ಎಂದೇ ಎಲ್ಲರ ಕತೆ. ಮನುಷ್ಯನ ಮಾನ ಮನುಷ್ಯನ ಕೈಯಲ್ಲಿ ಎಂಥ ಸುಳ್ಳನ್ನಾದರೂ ಹೇಳಿಸುತ್ತದೆ. ಇನ್ನು ಖಾಲಿ ಟೇಬಲ್ಲು? ಆಟ ಮುಗಿಸಿದವರು ಎದ್ದು ಹೋಗುತ್ತಾರೆ, ಅರ್ಧ ಹಾಲು ಖಾಲಿಯಾಗುತ್ತದೆ. ಅದರಲ್ಲಿ ಯಾವ ಕುರ್ಚಿ ಯಾರದೆಂದು ಎಣಿಸುವ ಪುಣ್ಯಾತ್ಮ ಯಾರು?

ಷರತ್ತು ಒಂದೇ. ಅಕ್ಕನಿಗೆ ಯಾವತ್ತೂ ತಿಳಿಯಬಾರದು.

ಶನಿವಾರ ಸಂಜೆ ಅಕ್ಕ ಲ್ಯಾಬಿಗೆ ಬಂದಳು. ಭಾವ ಹಿಂದೆ ತೊಟ್ಟಿ ತೊಳೆಯುತ್ತಿದ್ದರು. ಅಕ್ಕ ಅವನ ಸ್ಟೂಲಿನ ಪಕ್ಕ ನಿಂತು, ಅವನು ಬಣ್ಣ ಹಚ್ಚುತ್ತಿದ್ದ ಹಲ್ಲನ್ನು ನೋಡಿದಳು.

“ಇದು ಯಾರದು?”

“ಬಸ್ ಡ್ರೈವರ್ ಒಬ್ಬರದು. ಮುಂದಿನ ಹಲ್ಲು.”

“ಚೆನ್ನಾಗಿದೆ ಕಣೋ.” ಹಿಂದಕ್ಕೊಮ್ಮೆ ನೋಡಿ ದನಿ ತಗ್ಗಿಸಿದಳು. “ನಾನು ಇವರ ಹತ್ರ ಮಾತಾಡಿದೀನಿ. ಆರು ತಿಂಗಳು ನೋಡಿ, ಕಷ್ಟದ ಕೇಸೆಲ್ಲಾ ಅವನ ಕೈಗೇ ಕೊಡಿ ಅಂದೆ. ನೀನು ದುಡುಕ್ಬೇಡ. ಇವರ ಮುಂದೆ ನಿನ್ನ ಬಗ್ಗೆ ಮಾತು ಕೊಟ್ಟಿರೋಳು ನಾನು. ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲಾನೂ ತಲೆ ತಗ್ಗಿಸೋ ಹಾಗೆ ಮಾಡಿಲ್ಲ ನೀನು.”

“ಏನಂದ್ರು ಭಾವ?”

“ನೋಡೋಣ ಅಂದ್ರು.”

ಭಾವ ‘ನೋಡೋಣ’ ಎಂದರೆ ‘ಇಲ್ಲ’ ಎಂದು ಅರ್ಥ. ಅದು ಅಕ್ಕನಿಗೂ ಗೊತ್ತು. ಕೈ ಮುಗಿದು ಬೇಡಿಕೊಂಡಂತೆ ಅಕ್ಕ ಮಾತಾಡುತ್ತಿದ್ದುದು ಅವನಿಗೆ ಭಾವನ ನಗುವಿಗಿಂತ ಹೆಚ್ಚು ನೋವು ಕೊಟ್ಟಿತು. ಮಶೀನು ಹೋದರೆ ಅಕ್ಕ ಯಾರನ್ನೂ ಬೇಡಬೇಕಾಗಿಲ್ಲ ಎಂದು ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡ. ಅವಳು ನಾಳೆ ಊಟಕ್ಕೆ ಬಾ ಎಂದಳು. ಪಂದ್ಯ ಇದೆ ಎಂದ. ಇನ್ನೂ ಆ ಹುಚ್ಚು ಬಿಟ್ಟಿಲ್ಲವಾ ಎಂದು ತಲೆಗೆ ಮೊಟಕಿ ಹೋದಳು.

ಭಾನುವಾರ ಮೂವತ್ತೆರಡು ಜನ ಬಂದಿದ್ದರು. ಪಂದ್ಯ ನಡೆಸುವವರು ಲೈಬ್ರರಿ ಮೇಡಂ. ವಾರದಲ್ಲಿ ಆರು ದಿನ ಗ್ರಂಥಾಲಯ ನೋಡಿಕೊಂಡು ಏಳನೆಯ ದಿನ ಇಲ್ಲಿ ತೀರ್ಪು ಹೇಳುವ ಹೆಂಗಸು. ಗಟ್ಟಿಯಾಗಿ ಮಾತಾಡುವವರಲ್ಲ, ಆದರೆ ಅವರು ಕನ್ನಡಕ ಏರಿಸಿದರೆ ಇಡೀ ಹಾಲು ತೆಪ್ಪಗಾಗುತ್ತಿತ್ತು. ಅವನು ಫೋನನ್ನು ಚೀಲದಲ್ಲಿಟ್ಟು, ಚೀಲವನ್ನು ಬಾಗಿಲ ಬಳಿಯ ಕಪಾಟಿನಲ್ಲಿ ಬಿಟ್ಟ. ಫೋನು ಎಲ್ಲಿತ್ತೆಂದು ಯಾರಾದರೂ ಹುಡುಕಿದರೆ ಅದೂ ಹಾಲಿನಲ್ಲೇ ಇರಲಿ.

ಮೊದಲ ಎರಡು ಸುತ್ತು ಗೆದ್ದ. ಎರಡರಲ್ಲೂ ಚೀಟಿಯನ್ನು ಎಂದಿನಂತೆ ಕೂಡಲೇ ಕೊಟ್ಟು ಟೀ ಅಂಗಡಿಗೆ ಇಳಿದ. ಮೂರನೆಯದು ಎರಡು ಗಂಟೆಗೆ, ಊಟದ ನಂತರ, ಓಣಿಗಳೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಹೊತ್ತಿಗೆ. ನಾಲ್ಕನೇ ಟೇಬಲ್ಲು. ಎದುರಿಗೆ ಔಷಧಿ ಅಂಗಡಿಯವನು. ದಪ್ಪ ಮೈ, ಮೆಲು ನಡೆ, ಗೋಡೆ ಕಟ್ಟಿ ಆಮೆ ಸಾಕುವ ಕಟ್ಟು.

“ಇವತ್ತು ಬಿಡಲ್ಲ ಅಣ್ಣಾ ನಿಮ್ಮನ್ನ” ಎಂದ ಔಷಧಿಯವನು. “ನಿಮಗೋಸ್ಕರಾನೇ ಎರಡು ಗೋಡೆ ಜಾಸ್ತಿ ಹಾಕ್ಕೊಂಡು ಬಂದಿದೀನಿ.”

ಸೋತರೂ ಚಿಂತೆಯಿಲ್ಲ, ನಾನೇ ಕೊಟ್ಟು ಬರುತ್ತೇನೆಂದು ಚೀಟಿಯನ್ನು ಇಸಿದುಕೊಂಡರಾಯಿತು ಎಂದು ಅವನು ಬಂದಿದ್ದ. ಎಳೆದಾಡಿದರೆ ತಾನೇ ಕೈಚೆಲ್ಲಿ ಏಳುವುದೆಂದು ನಿಶ್ಚಯಿಸಿದ್ದ. ಆದರೆ ಕಾರ್ಡುಗಳು ಅಂದು ಅವನ ಮನಸ್ಸು ಓದಿದಂತೆ ಬಂದವು. ಹನ್ನೊಂದು ವರ್ಷ ಫೈನಲ್ಲಿಗೆ ಬಂದಾಗಲೆಲ್ಲ ಕೈಕೊಟ್ಟ ಕಟ್ಟು, ಗೆಲುವು ಬೇಡವಾದ ದಿನ ಬೆಣ್ಣೆಯ ಹಾಗೆ ಒಲಿಯಿತು. ಮೊದಲ ಸರದಿಗೆ ಇಲಿ, ಎರಡನೆಯದಕ್ಕೆ ಮುಂಗುಸಿ ಮತ್ತು ಕಣಜ, ಮೂರನೆಯದಕ್ಕೆ ಎರಡು ಕಾಡುನಾಯಿ. ಔಷಧಿಯವನ ಮೊದಲ ಗೋಡೆ ಏಳುವಷ್ಟರಲ್ಲಿ ಅವನ ಪ್ರಾಣ ಮೂರಕ್ಕಿಳಿದಿತ್ತು. ಎರಡನೇ ಆಟದಲ್ಲಿ ಗೋಡೆಯೂ ಏಳಲಿಲ್ಲ. ಎಲ್ಲ ಮುಗಿದಾಗ ಗಡಿಯಾರದಲ್ಲಿ ಎರಡು ಗಂಟೆ ಏಳು ನಿಮಿಷ.

“ಇನ್ನೊಂದೇ ಒಂದು ಸರದಿ ಸಿಕ್ಕಿದ್ರೆ ನಿಮ್ಮ ಕತೆ ಬೇರೆ ಇತ್ತು” ಎಂದು ಔಷಧಿಯವನು ಬೆವರೊರೆಸಿಕೊಂಡು ಸಹಿ ಹಾಕಿದ.

“ಗೊತ್ತು. ಕೂದಲೆಳೆಯಲ್ಲಿ ತಪ್ಪಿತು.”

ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ. ಔಷಧಿಯವನು ಸಿಗರೇಟು ಹುಡುಕುತ್ತಾ ಬೇರೆ ದಿಕ್ಕಿಗೆ ಹೋದ. ಯಾರೂ ತಲೆಯೆತ್ತಲಿಲ್ಲ. ಹದಿನೈದು ಟೇಬಲ್ಲುಗಳಲ್ಲಿ ಜನ ಗೋಡೆ ಕಟ್ಟುತ್ತಿದ್ದರು.

ಹಿಂದಿನ ಮೆಟ್ಟಿಲು, ಹೊಲಿಗೆಯವನ ಓಣಿ, ಮುಚ್ಚಿದ ಗಿರಣಿ, ಲ್ಯಾಬಿನ ಹಿಂಬಾಗಿಲು. ದಾರಿಯಲ್ಲಿ ಸಿಕ್ಕಿದ್ದು ಒಂದು ಬೆಕ್ಕು. ಎರಡೂ ಹದಿನೇಳಕ್ಕೆ ಬೀಗ ತೆಗೆದು ಒಳಗಿದ್ದ. ಚಪ್ಪಲಿಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡ, ಏಪ್ರನ್ ಹಾಕಿಕೊಂಡ, ತಲೆಗೆ ಟೋಪಿ. ಉಗುರಿನ ಸಂದಿಯಲ್ಲಿ ಪುಡಿ ಉಳಿದರೆ ಉಳಿಯಲಿ, ಹತ್ತೊಂಬತ್ತು ವರ್ಷದಿಂದ ಉಳಿದೇ ಇದೆ. ಚೀಲದ ಒಂದು ಮೂಲೆಯನ್ನು ಅಟ್ಟಣಿಗೆಯ ಮೊಳೆಗೆ ತಾಗಿಸಿ ಸೀಳಿದ. ಉಪ್ಪನ್ನು ತೊಟ್ಟಿಯ ನೀರಿಗೆ ಉದುರಿಸಿದ. ಆಮೇಲೆ ಒಮ್ಮೆ ಉಸಿರು ತೆಗೆದುಕೊಂಡು, ಚೀಲವನ್ನು ಅಂಚಿನಿಂದ ತಳ್ಳಿದ. ಬಿದ್ದ ಗುರುತು ನಿಜವಾದ ಗುರುತಾಗಿರಲಿ ಎಂದು ನಿಜವಾಗಿಯೇ ಬೀಳಿಸಿದ. ಅದು ಹಸಿರು ಬಟನ್ನಿಗೆ ಧಪ್ಪೆಂದು ಬಡಿದು, ಬೆಳ್ಳಗೆ ಉಗುಳುತ್ತಾ ತೊಟ್ಟಿಯೊಳಕ್ಕೆ ಮಗುಚಿಕೊಂಡಿತು. ಪಂಪು ಎದ್ದಿತು. ಪರದೆಯ ಮೇಲೆ ಸಮಯ ಮೂಡಿತು: 2:22.

ಹೊರಡಬಹುದಿತ್ತು. ಆದರೆ ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದು ಅವನ ಜಾತಕದಲ್ಲಿ ಬರೆದಿರಲಿಲ್ಲ. ಗಾಜಿನಾಚೆ ಗಂಜಿ ಚಿಮ್ಮುವುದನ್ನು, ಉಳಿಯ ಮೂತಿಗೆ ಬಿಳಿ ಕೆನೆ ಕಟ್ಟುವುದನ್ನು ನಿಂತು ನೋಡಿದ. ಸಂತೋಷವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಕೋಪವೂ ಇಳಿಯಲಿಲ್ಲ, ಬರೀ ಸುಸ್ತಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಅವನು ಯಾವಾಗಲೂ ಕುಂಬಾರನ ಕಡೆ ನಿಂತು ಕೇಳಿದವನು. ದೊಣ್ಣೆ ಕೈಗೆ ಬಂದ ಮೇಲೂ ಕುಂಬಾರನ ಸಂಕಟ ಹೋಗುವುದಿಲ್ಲ ಎಂಬುದು ಯಾವ ಗಾದೆಯಲ್ಲೂ ಇರಲಿಲ್ಲ. ಪಂಪು ಮೊದಲು ಗೊರಗೊರ ಎಂದಿತು, ಆಮೇಲೆ ಕೆಮ್ಮಿತು, ಎರಡೂ ಮೂವತ್ತಮೂರಕ್ಕೆ ನಿಂತಿತು. ಬೆರಳಿಂದ ಕೊಳವೆಯನ್ನು ಒತ್ತಿ ನೋಡಿದ. ಬಿಸಿಯಾಗಿತ್ತು, ಕಲ್ಲಾಗಿತ್ತು. ಬಿಗಿಯುವ ಪ್ಲಾಸ್ಟರು ಬಿಸಿಯಾಗುತ್ತದೆ.

ಏಪ್ರನ್ನು ಅದರ ಮೊಳೆಗೆ, ಟೋಪಿ ಅದರ ಡಬ್ಬಿಗೆ, ಪ್ಲಾಸ್ಟಿಕ್ ಕವರು ಓಣಿಯ ಕಸದ ತೊಟ್ಟಿಗೆ. ಬೀಗ ಹಾಕಿ ಎರಡು ಸಲ ಜಗ್ಗಿದ. ಓಡಲಿಲ್ಲ. ಓಡುವವನನ್ನು ಜನ ನೋಡುತ್ತಾರೆ.

ಹಿಂದಿನ ಮೆಟ್ಟಿಲು ಹತ್ತುವಾಗ ಎರಡೂ ನಲವತ್ತಮೂರು. ಹಾಲಿನಲ್ಲಿ ಇನ್ನೂ ಐದಾರು ಟೇಬಲ್ಲುಗಳಲ್ಲಿ ಆಟ ನಡೆಯುತ್ತಿತ್ತು. ಜೇಬಿನ ಚೀಟಿ ತೆಗೆದು ಬಾಗಿಲ ಬಳಿಯ ಮೇಜಿಗೆ ಕೊಟ್ಟ. ಮೊಹರು ಬಿತ್ತು. 2:44. ಅರ್ಧ ಹರಿದು ಕೈಗೆ ಕೊಟ್ಟರು. ಗೋಡೆಗೆ ಒರಗಿದ್ದ ಔಷಧಿಯವನು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: “ಅರ್ಧ ಗಂಟೆ ಜಗ್ಗಾಡಿದೆ ಗುರು. ಐದ್ನಿಮಿಷದವರನ್ನೇ ಅರ್ಧ ಗಂಟೆ ಕೂರಿಸಿದೀನಿ.” ಅವನಿಗೆ ಔಷಧಿಯವನನ್ನು ಅಪ್ಪಿಕೊಳ್ಳಬೇಕೆನಿಸಿತು. ಚೀಟಿಯ ಅರ್ಧವನ್ನು ಪರ್ಸಿನಲ್ಲಿ, ಅಕ್ಕನ ಮಕ್ಕಳ ಫೋಟೋದ ಹಿಂದೆ ಇಟ್ಟ. ಭಾವ ಕೇಳಿದಾಗ ತಕ್ಷಣ ತೆಗೆಯುವುದು ಬೇಡ, ಸ್ವಲ್ಪ ಹುಡುಕಿದಂತೆ ಮಾಡುವುದು. ಪಕ್ಕದಲ್ಲಿ ಅಕ್ಕ ಇರುತ್ತಾಳೆ, ನನ್ನ ತಮ್ಮ ಅಂಥವನಲ್ಲ ಅಂದೆನಲ್ಲ ಎನ್ನುತ್ತಾಳೆ.

ಆಗ ಲೈಬ್ರರಿ ಮೇಡಂ ಅವನನ್ನು ಕರೆದರು. ಅವರ ಮುಂದೆ ದಪ್ಪ ರಟ್ಟಿನ, ದಾರದಲ್ಲಿ ಹೊಲಿದ ಒಂದು ಪುಸ್ತಕ ತೆರೆದಿತ್ತು. ಅದರೊಳಗೆ ಏನಿರುತ್ತದೆಂದು ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ನೋಡಿರಲಿಲ್ಲ. ನೋಡುವ ಸಂದರ್ಭವೇ ಬಂದಿರಲಿಲ್ಲ. “ಚೀಟಿ ಬರದೇ ಇರೋ ಟೇಬಲ್ಲಿಗೆಲ್ಲಾ ನಾನು ಹತ್ತತ್ತು ನಿಮಿಷಕ್ಕೆ ಹೋಗಿ, ಯಾರು ಕೂತಿದಾರೆ, ಯಾರ ಪ್ರಾಣ ಎಷ್ಟು ಉಳಿದಿದೆ ಅಂತ ಬರ್ಕೊಳ್ತೀನಿ” ಎಂದರು ಮೇಡಂ. “ಗಂಟೆ ಹೊಡೆದ ಮೇಲೆ ಜಗಳ ಬರಬಾರದಲ್ಲ, ಅದಕ್ಕೆ. ನಿಧಾನದವರಿಗೆಲ್ಲಾ ಇದು ಗೊತ್ತು. ನಿಮ್ಮ ಚೀಟಿ ನಾನು ಏಳೋದಕ್ಕೆ ಮುಂಚೇನೇ ಬಂದಿರುತ್ತೆ, ನಿಮ್ಮ ಟೇಬಲ್ಲು ಈ ಪುಸ್ತಕಕ್ಕೆ ಬಂದಿದ್ದು ಇವತ್ತೇ ಮೊದಲು.” ಅವರು ಪುಟವನ್ನು ಅವನ ಕಡೆ ತಿರುಗಿಸಿದರು. ನಾಲ್ಕನೇ ಟೇಬಲ್ಲಿನ ಮುಂದೆ ಗ್ರಂಥಾಲಯದ ದುಂಡಗಿನ ಅಕ್ಷರದಲ್ಲಿ ಮೂರು ಸಾಲು: 2:15, ಎರಡೂ ಕುರ್ಚಿ ಖಾಲಿ. 2:25, ಖಾಲಿ, ಕೆಳಗೆ ಟೀ ಅಂಗಡಿಯಲ್ಲೂ ಇಲ್ಲ. 2:35, ಖಾಲಿ. ಪ್ರತಿ ಸಾಲಿನ ಕೆಳಗೆ, ಪಕ್ಕದ ಟೇಬಲ್ಲಿನಲ್ಲಿ ಆಡುತ್ತಿದ್ದ ಇಬ್ಬರ ಸಹಿ. “ಬೈತಿಲ್ಲ, ಗಾಬರಿ ಆಗ್ಬೇಡಿ. ಯಾರಾದ್ರೂ ಬಂದು ಕೇಳಿದ್ರೆ ತೋರಿಸೋಕೆ ಪುಸ್ತಕ ಸರಿಯಾಗಿರ್ಬೇಕು, ಅಷ್ಟೇ” ಎಂದು ಮೇಡಂ ಕನ್ನಡಕ ಏರಿಸಿ, ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟರು. “ಇಲ್ಲಿ, ಟೈಮಿನ ಪಕ್ಕದಲ್ಲಿ, ಒಂದು ಸಹಿ ಮಾಡಿ. ಎಲ್ಲಿದ್ರಿ ಅಂತಾನೂ ಬರೀರಿ.”